ಕೀಲೆಣ್ಣೆ

ರೆಸಾರ್ಟಿನವರು ಮಾರಿದ ದೋಣಿ.
ಹೆಸರನ್ನು ಕೆರೆದು ಹಾಕಿದ್ದಾರೆ, ಆದರೂ
ಬಿಸಿಲು ಓರೆಯಾದಾಗ ‘ಗಜ’ ಎಂಬಷ್ಟು ಕಾಣುತ್ತದೆ,
ಮುಂದಿನದು ಹೋಗಿದೆ.
ಇಂಜಿನ್ನು ಚೆನ್ನಾಗಿದೆ ಅಂದರು. ಮಾರುವವರು ಇನ್ನೇನು ಅನ್ನುತ್ತಾರೆ?
ಅವತ್ತೇ ಕಡ್ಡಿ ಎಳೆದು ನೋಡಿದ್ದೆ:
ಮಟ್ಟ ಸರಿಯಿತ್ತು. ಬಣ್ಣ ನೋಡಲಿಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನು
ನಾನೇ ಇರಬೇಕು, ಗಾದೆ ಕಟ್ಟುವಾಗ.

‘ಎಣ್ಣೆ ತರೋಕೆ ಮೈಸೂರಿಗೆ ಹೋಗ್ತೀನಿ’ ಎಂದೆ.
ಶಿವರುದ್ರಮ್ಮ ಸೌಟು ಹಿಡಿದೇ ಹೊರಬಂದಳು.
‘ಯಾವ ಎಣ್ಣೆ?’
‘ಇಂಜಿನ್ನಿಗೆ.’
‘ಅದು ಕುಡಿಯೋದೆಷ್ಟು, ನೀವು ಕುಡಿಯೋದೆಷ್ಟು?’
ಒಂದು ಲೀಟರಿಗೂ ಚೂರು ಕಮ್ಮಿ, ಅಂದೆ. ಪೂರ್ತಿ ಅದಕ್ಕೇ.

ಮಂಡಿ ಮೊಹಲ್ಲಾ. ಅತಾವುಲ್ಲಾ ಸಾಹೇಬರ ಅಂಗಡಿಯಲ್ಲಿ
ಸೂರಿನಿಂದ ಇಳಿಬಿದ್ದ ಬೆಲ್ಟುಗಳ ನಡುವೆ ತಲೆ ತಗ್ಗಿಸಿ ಕೇಳಿದೆ,
‘ಬೈಕಿನದು ಹಾಕಿದರೆ ಆಗಲ್ವಾ? ಇನ್ನೂರು ಉಳಿಯುತ್ತೆ.’
ಕನ್ನಡಕವನ್ನು ಹಣೆಗೇರಿಸಿ ನೋಡಿದರು,
ಮಗಳನ್ನು ಕೇಳಲು ಬಂದವನನ್ನು ನೋಡುವ ಹಾಗೆ.
‘ಬೈಕು ಮಳೇಲಿ ನೆನೀತದೆ, ಅಣ್ಣಾ.
ನಿಮ್ಮ ಇಂಜಿನ್ನು ನೀರಲ್ಲೇ ಸಂಸಾರ ಮಾಡ್ತದೆ.
ಹತ್ತು ಡಬ್ಲ್ಯೂ ಮೂವತ್ತು, ದೋಣೀದೇ ತಗೊಳ್ಳಿ.
ಹಳೇದು ಅಂತ ಮಂದ ಎಣ್ಣೆ ಹುಯ್ಯೋರು ಇದಾರೆ,
ಸದ್ದು ಅಡಗಿಸೋಕೆ.
ಸದ್ದು ಅಡಗಿದ್ರೆ ಕಾಯಿಲೆ ಹೋಗ್ತದಾ?’
ಕೇಳದೆಯೇ ಒಂದು ತಾಮ್ರದ ವಾಷರನ್ನೂ
ಪೇಪರಿನ ಚೂರಿನಲ್ಲಿ ಸುತ್ತಿ ಕೊಟ್ಟರು,
ಮೂಗುತಿ ಕೊಟ್ಟಂತೆ. ಹನ್ನೆರಡು ರೂಪಾಯಿ.

ಅಪ್ಪನ ಗಾಡಿಯಡಿ ತೂಗುತ್ತಿತ್ತು
ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ.
ಅದಕ್ಕೆ ನಂಬರಿರಲಿಲ್ಲ. ಗಾಲಿ ಅತ್ತರೆ ಹಚ್ಚುತ್ತಿದ್ದ,
ಅಳದಿದ್ದರೆ ಮರೆಯುತ್ತಿದ್ದ.
ಇಂಜಿನ್ನು ಅಳುವುದಿಲ್ಲ. ಅದೇ ಭಯ.

ಕಬಿನಿ ಹಿನ್ನೀರು ಇಳಿದಿತ್ತು. ಕೆಸರಿನ ಮೇಲೆ
ಮುಳುಗಿದ್ದ ಮರಗಳ ಬೊಡ್ಡೆ, ಕೊಕ್ಕರೆ ಹೆಜ್ಜೆ.
ಡ್ರಮ್ಮಿನ ನೀರಲ್ಲಿ ಐದು ನಿಮಿಷ ಓಡಿಸಿ
ಮೈ ಬೆಚ್ಚಗಾದ ಮೇಲೆ ಬೋಲ್ಟು ಸಡಿಲಿಸಿದೆ.
ಕರಿ ಎಣ್ಣೆ ಬರಬೇಕಿತ್ತು.
ಬಂದದ್ದು
ಹಾಲು ಹೆಚ್ಚಾದ ಕಾಫಿ.

ನೀರು ಹೊಕ್ಕಿದೆ.
ಕೊಟ್ಟ ಮೂವತ್ತೆಂಟು ಸಾವಿರವನ್ನು ಮತ್ತೆ ಎಣಿಸಿದೆ
ಮನಸ್ಸಿನಲ್ಲೇ, ನೂರರ ನೋಟುಗಳಲ್ಲಿ.

ಕರಿಬೊಮ್ಮ ಬಂದು ಕುಕ್ಕರುಗಾಲಲ್ಲಿ ಕೂತ,
ರೆಸಾರ್ಟಿನಲ್ಲಿ ಇದೇ ದೋಣಿ ನಡೆಸುತ್ತಿದ್ದವನು.
ಬೆರಳದ್ದಿ ತಿಕ್ಕಿ ನೋಡಿದ, ಮೂಸಿದ.
‘ಏನೂ ಒಡೆದಿಲ್ಲ ಸುಮ್ನಿರು. ಇದು ಕಾಯ್ಲೇ ಇಲ್ಲ, ಅಷ್ಟೆಯ.
ಆರು ವರ್ಷ ನಾನೇ ಓಡ್ಸಿದ್ದು.
ಹತ್ತು ನಿಮಿಷ ಹೋಗು, ಆನೆ ಕಂಡ್ತು, ಆಫ್ ಮಾಡು.
ಇನ್ನತ್ತು ನಿಮಿಷ, ಹುಲಿ ನೀರಿಗೆ ಬತ್ತದಂತೆ, ಆಫ್ ಮಾಡು.
ಬಂದೋರು ಪಟ ತೆಗೀತಿದ್ರು,
ಇಂಜಿನ್ನು ಒಳಗೊಳಗೇ ಬೆವರ್ತಿತ್ತು.
ಬೆವರು ಆರೋಗಂಟ ಯಾರೂ ಬುಡ್ಲಿಲ್ಲ.’

ಹೊಸ ವಾಷರು ಹಾಕಿ ಬಿಗಿದು
ಹೊಸ ಎಣ್ಣೆ ಹುಯ್ದೆ. ನೂಲಿನಂತೆ ಇಳಿಯಿತು, ಸದ್ದಿಲ್ಲದೆ.
ಹಳೆಯದನ್ನು ಕ್ಯಾನಿಗೆ ತುಂಬುವಾಗ ಒಂದೇ ತೊಟ್ಟು
ಕೈ ಜಾರಿ ಹೊಳೆಗೆ ಬಿತ್ತು:
ಎಲೆಯಷ್ಟಿತ್ತು, ಚಾಪೆಯಷ್ಟಾಯಿತು, ಏಳು ಬಣ್ಣ.
ಚೆಂದವೇ ಇತ್ತು.
ಕೆಳಗಿನ ಮೀನನ್ನು ಯಾರು ಕೇಳಿದರು?
ಮುಚ್ಚಳ ಬಿಗಿದು ಕ್ಯಾನನ್ನು ದಡಕ್ಕೆ ಒಯ್ದೆ.

‘ಒಂದ್ಸಲಕ್ಕೆ ಆಗಕ್ಕಿಲ್ಲ’ ಅಂದ ಕರಿಬೊಮ್ಮ.
‘ಚೆನ್ನಾಗಿ ಓಡ್ಸಿ ಇನ್ನೊಂದ್ಕಿತ ಬದಲಾಯ್ಸು.’
ಇನ್ನೊಂದು ಡಬ್ಬಿ ಎಂದರೆ
ಇನ್ನೊಮ್ಮೆ ಸೌಟು.

ಬೆಳಗ್ಗೆ ಬಲೆಯಿಲ್ಲದೆ ಹೊರಟೆವು, ಬರೀ ಓಡಿಸಲು.
ಬೊಡ್ಡೆಗಳ ಸಾಲು ದಾಟಿ, ಮುಕ್ಕಾಲು ಗಂಟೆ,
ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟರೆ
ಜ್ವರ ಬಿಟ್ಟ ಮಗುವಿನ ಹಣೆಯಲ್ಲ, ರೊಟ್ಟಿಯ ಹೆಂಚು.
ಆಚೆ ದಡದಲ್ಲಿ ಐದು ಆನೆ, ಒಂದು ಮರಿ.
ಸದ್ದಿನ ಗುರುತು ಹತ್ತಿ ತಲೆಯೆತ್ತಿ ನಿಂತವು,
ಈಗ ನಿಲ್ಲಿಸುತ್ತಾರೆ ಎಂದು.

ನಾವು ನಿಲ್ಲಿಸಲಿಲ್ಲ.
ತುಂಬ ದೂರದವರೆಗೂ
ನೋಡುತ್ತಲೇ ಇದ್ದವು.